ಬೆಟ್ಟದ ಮೇಲೆ ಈಶ್ವರ, ನಡುವೆ ಪಾರ್ವತಿ, ಬುಡದಲ್ಲಿ ನಾವು!

ಪುತ್ತೂರು: ಬೆಳಗ್ಗೆ ಪುತ್ತೂರು ಸ್ಟ್ಯಾಂಡಿನಲ್ಲಿ ಮಂಗಳೂರು ಬಸ್ಸು ಹಿಡಿಯುವವರಿಗೆ ಬೆಟ್ಟ ನೋಡಲು ಪುರುಸೊತ್ತು ಎಲ್ಲಿ? ಸೀಟು ಸಿಕ್ಕಿತೋ ಇಲ್ಲವೋ, ಚಿಲ್ಲರೆ ಉಂಟೋ ಇಲ್ಲವೋ, ಆಫೀಸಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಯೇವೋ ಇಲ್ಲವೋ, ಇದೇ ಧ್ಯಾನ. ಕಬಕ ದಾಟಿತು. ಮಾಣಿ ಬಂತು. ಕಲ್ಲಡ್ಕದಲ್ಲಿ ಯಾರೋ ಕೆ.ಟಿ.ಯ ಮಾತೆತ್ತಿ ಬಾಯಿ ಚಪ್ಪರಿಸಿದರು. ಕಲ್ಲಡ್ಕ ಬಿಟ್ಟು ಮೆಲ್ಕಾರ್ ಮುಟ್ಟುವುದರೊಳಗೆ ಕಿಟಕಿ ಬದಿಯಲ್ಲಿ ಕುಳಿತ ಅಜ್ಜಿಯೊಬ್ಬರು ಹೊರಗೆ ನೋಡಿ ಕೈ ಮುಗಿಯುತ್ತಾರೆ. ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಅಜ್ಜಿ ಕೈ ಮುಗಿದದ್ದು ಯಾರಿಗೆ?

ಗೋಳ್ತಮಜಲು ಗ್ರಾಮದ ನರಹರಿ ಪರ್ವತಕ್ಕೆ. ನರ ಎಂದರೆ ಅರ್ಜುನ, ಹರಿ ಎಂದರೆ ಕೃಷ್ಣ. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಬಂಧುಗಳನ್ನು ಕೊಂದ ಪಾಪ ತೊಳೆಯಲು ಇಬ್ಬರೂ ಇಲ್ಲಿಗೆ ಬಂದು ಸದಾಶಿವನನ್ನು ಪೂಜಿಸಿದರು ಎಂಬುದು ಸ್ಥಳಪುರಾಣ. ಬೆಟ್ಟದ ಬಂಡೆಯಲ್ಲಿ ನಾಲ್ಕು ತೀರ್ಥಗಳು: ಶಂಖ, ಚಕ್ರ, ಗದೆ, ಪದ್ಮ. ದಿನಾ ಬಸ್ಸಿನಲ್ಲಿ ಹೋಗಿ ಬರುವವರಲ್ಲಿ ಎಷ್ಟು ಮಂದಿ ಆ ಮೆಟ್ಟಿಲು ಹತ್ತಿದ್ದಾರೆ ಎಂದು ಕೇಳಿದರೆ ಬಸ್ಸಿನಲ್ಲಿ ಸದ್ದಿರುವುದಿಲ್ಲ.

ಅದಿರಲಿ. ಇಂಥದ್ದೇ ಇನ್ನೊಂದು ಬೆಟ್ಟ ಇದೇ ಬಂಟ್ವಾಳ ತಾಲೂಕಿನಲ್ಲಿ ಉಂಟು. ಇದಕ್ಕಿಂತ ದೊಡ್ಡ ಹೆಸರು, ದೊಡ್ಡ ಬಂಡೆ, ದೊಡ್ಡ ಮಂಗನ ಹಿಂಡು. ಇತ್ತೀಚಿನ ವರ್ಷಗಳಲ್ಲಿ ದೊಡ್ಡ ಗಲಾಟೆಯೂ ಆಯಿತು. ಅದೇ ಕಾರಿಂಜ.

ವಗ್ಗದಲ್ಲಿ ಇಳಿಯಿರಿ

ಪುತ್ತೂರಿನವರಿಗೆ ದಾರಿ ಸುಲಭ. ಬಿ.ಸಿ.ರೋಡಿನಲ್ಲಿ ಇಳಿದು ಬೆಳ್ತಂಗಡಿ ಕಡೆಯ ಬಸ್ಸು ಹತ್ತುವುದು. ಬಂಟ್ವಾಳ ಪೇಟೆ ದಾಟಿ ವಗ್ಗದಲ್ಲಿ ಇಳಿಯುವುದು. ಅಲ್ಲಿಂದ ಒಳದಾರಿ. ಕಾವಳಮುಡೂರು ಗ್ರಾಮ. ತೋಟ, ಗದ್ದೆ, ರಬ್ಬರು ಮರಗಳ ನಡುವೆ ಹೋಗುತ್ತಿದ್ದ ಹಾಗೆ, ಒಂದು ತಿರುವಿನಲ್ಲಿ ಏಕಾಏಕಿ ಆಕಾಶಕ್ಕೆ ಕರಿ ಗೋಡೆ ಕಟ್ಟಿದ ಹಾಗೆ ಒಂದು ಬಂಡೆ ಎದ್ದು ನಿಲ್ಲುತ್ತದೆ. ಅದರ ನೆತ್ತಿಯ ಮೇಲೆ ದೇವಸ್ಥಾನ. ಕೆಳಗಿನಿಂದ ನೋಡಿದರೆ ಬಂಡೆಯ ಮೇಲೆ ಯಾರೋ ಬೆಂಕಿಪೆಟ್ಟಿಗೆ ಇಟ್ಟು ಮರೆತ ಹಾಗೆ ಕಾಣುತ್ತದೆ.

ಸಮುದ್ರಮಟ್ಟದಿಂದ ಸುಮಾರು 1000 ಅಡಿ ಎತ್ತರ ಎಂದು ಲೆಕ್ಕ. ಸಾವಿರ ಅಡಿ ಎಂದರೆ ಘಟ್ಟದವರು ನಗಬಹುದು. ಸುಬ್ರಹ್ಮಣ್ಯದ ಕುಮಾರ ಪರ್ವತ ಕಂಡ ಸುಳ್ಯ, ಕಡಬದವರೂ ನಗಬಹುದು. ನಗಲಿ. ಕಾರಿಂಜದ ಮೆಟ್ಟಿಲು ಅರ್ಧ ಹತ್ತುವಾಗ ಆ ನಗು ತನ್ನಷ್ಟಕ್ಕೆ ನಿಲ್ಲುತ್ತದೆ. ಆಮೇಲೆ ಮೂಗಿಗಿಂತ ಬಾಯಿಗೆ ಕೆಲಸ ಜಾಸ್ತಿ.

ಈ ಬೆಟ್ಟಕ್ಕೆ ನಾಲ್ಕು ಯುಗಕ್ಕೆ ನಾಲ್ಕು ಹೆಸರು. ಕೃತಯುಗದಲ್ಲಿ ರೌದ್ರಗಿರಿ. ತ್ರೇತಾಯುಗದಲ್ಲಿ ಗಜೇಂದ್ರಗಿರಿ. ದ್ವಾಪರದಲ್ಲಿ ಭೀಮಶೈಲ. ಈ ಕಲಿಯುಗದಲ್ಲಿ ಕಾರಿಂಜ. ಹೆಸರು ನಾಲ್ಕಾದರೂ ಕಲ್ಲು ಒಂದೇ. ರಾಜರು ಬಂದರು, ಹೋದರು. ಕಂಪೆನಿ ಸರಕಾರ ಬಂತು, ಹೋಯಿತು. ತಾಲೂಕಿನ ಗಡಿ ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು. ಬಂಡೆ ಮಾತ್ರ ಇದ್ದಲ್ಲೇ ಇತ್ತು. ಈ ಮಾತು ನೆನಪಿರಲಿ. ಕೊನೆಗೆ ಬೇಕಾಗುತ್ತದೆ.

ಗಂಡ ಮೇಲೆ, ಹೆಂಡತಿ ನಡುವೆ

ಬೇರೆ ಕಡೆ ಶಿವ ಪಾರ್ವತಿಯರು ಒಂದೇ ಅಂಗಳದಲ್ಲಿ ಇರುತ್ತಾರೆ. ಕಾರಿಂಜದಲ್ಲಿ ಹಾಗಲ್ಲ. ಬೆಟ್ಟದ ನಡುಮಟ್ಟದಲ್ಲಿ ಪಾರ್ವತಿಯ ಗುಡಿ. ತಾಯಿಯ ಜತೆಗೆ ಮಗ ಗಣಪತಿ. ತುತ್ತತುದಿಯಲ್ಲಿ ಒಬ್ಬನೇ ಈಶ್ವರ. ಸಂಸಾರ ನಡುವೆ, ಯಜಮಾನ ಮೇಲೆ. "ಮೇಲೆ ಹೋಗಿ ಕೂತರೆ ಮನೆ ಖರ್ಚು ಕೇಳುವವರು ಯಾರೂ ಇಲ್ಲ ಅಲ್ಲವೋ ಮಾರಾಯ್ರೇ" ಎಂದು ತಮಾಷೆ ಮಾಡುವವರೂ ಉಂಟು. ತಮಾಷೆ ಮಾಡಿದವರೇ ಆಮೇಲೆ ಪಾರ್ವತಿಯ ನಡೆಯಲ್ಲಿ ಅಡ್ಡಬಿದ್ದು ಮುಂದೆ ಹತ್ತುತ್ತಾರೆ.

ಈ ಏರ್ಪಾಡಿನಲ್ಲಿ ಒಂದು ಲೋಕಜ್ಞಾನ ಉಂಟು. ಹರೆಯದವರು ಒಂದೇ ಉಸಿರಿಗೆ ಮೇಲೆ ಹೋಗಿಬಿಡುತ್ತಾರೆ. ಮೊಣಕಾಲು ನೋವಿನವರು, ಬಸುರಿ ಹೆಂಗಸರು, ಎಂಬತ್ತು ದಾಟಿದ ಅಜ್ಜಂದಿರು ಎಲ್ಲಿಗೆ ಹೋಗಬೇಕು? ಅವರಿಗೆ ಅಮ್ಮ ಅರ್ಧ ದಾರಿ ಇಳಿದು ಬಂದು ಕೂತಿದ್ದಾಳೆ. ಅಮ್ಮನಿಗೆ ಕೈ ಮುಗಿದು, ಮೇಲೆ ನೋಡಿ ಅಪ್ಪನಿಗೂ ಒಂದು ಕೈ ಮುಗಿದರೆ ಆಯಿತು, ಯಾತ್ರೆ ಪೂರೈಸಿತು ಎಂದೇ ಹಿರಿಯರು ಸಮಾಧಾನಪಡುತ್ತಾರೆ.

ವರ್ಷಕ್ಕೊಮ್ಮೆ ಲೆಕ್ಕ ಸರಿಯಾಗುತ್ತದೆ. ಮಹಾಶಿವರಾತ್ರಿಯ ಜಾತ್ರೆಯಲ್ಲಿ ಮೇಲಿನ ದೇವರ ಉತ್ಸವಮೂರ್ತಿ ಕೆಳಗೆ ಇಳಿದು ಬರುತ್ತದೆ. ಪಾರ್ವತಿ ಪರಮೇಶ್ವರರ ಭೇಟಿ. ವರ್ಷವಿಡೀ ಜನ ದೇವರ ಕಡೆಗೆ ಹತ್ತುತ್ತಾರೆ, ಆ ಹೊತ್ತಿಗೆ ದೇವರು ಜನರ ಕಡೆಗೆ ಇಳಿಯುತ್ತಾನೆ. ನೂಕುನುಗ್ಗಲು, ಕೊಂಬು ಕಹಳೆ, ಚೆಂಡೆ, ಗರ್ನಾಲು, ಬಲೂನಿಗೆ ಹಟ ಹಿಡಿಯುವ ಮಕ್ಕಳು, ಬಳೆ ಅಂಗಡಿ, ಚರುಮುರಿ, ಕಬ್ಬಿನ ಹಾಲು. ಏಪ್ರಿಲ್ 10ಕ್ಕೆ ಕೊಡಿ ಏರಿ 17ಕ್ಕೆ ತೇರು ಎಳೆಯುವ ಪುತ್ತೂರು ಜಾತ್ರೆಯನ್ನು ಕಂಡವರಿಗೆ ಇದೆಲ್ಲ ಹೊಸತಲ್ಲ. ಪುತ್ತೂರಿನ ಮಹಾಲಿಂಗೇಶ್ವರನಿಗೆ ಎದುರಿಗೇ ವಿಶಾಲವಾದ ದೇವರಮಾರು ಗದ್ದೆ. ಕಾರಿಂಜೇಶ್ವರನಿಗೆ ಕಾಲಡಿಯಲ್ಲಿ ಬಂಡೆ, ಬಂಡೆಯ ಅಂಚಿನಾಚೆ ಗಾಳಿ. ಅಷ್ಟೇ ವ್ಯತ್ಯಾಸ.

ಭೀಮ ಊರಿದ ಮೊಣಕಾಲು

ಬೆಟ್ಟದಲ್ಲಿ ಕಲ್ಲಿಗಿಂತ ದೊಡ್ಡ ಸೋಜಿಗ ನೀರು.

ಪಾಂಡವರು ಈ ಕಡೆ ಬಂದಿದ್ದರಂತೆ. ಭೀಮನಿಗೆ ನೀರು ಬೇಕಾಯಿತು. ಹುಡುಕುವ ತಾಳ್ಮೆ ಭೀಮನಿಗೆ ಎಲ್ಲಿಯದು? ಗದೆ ಎತ್ತಿ ನೆಲಕ್ಕೆ ಎಸೆದ. ನೀರು ಉಕ್ಕಿತು. ಅದು ಗದಾತೀರ್ಥ. ಮೊಣಕಾಲು ಊರಿದಲ್ಲಿ ಜಾನುತೀರ್ಥ. ಹೆಬ್ಬೆರಳು ಒತ್ತಿದಲ್ಲಿ ಅಂಗುಷ್ಠತೀರ್ಥ. ಅರ್ಜುನನೂ ಸುಮ್ಮನೆ ಕೂರಲಿಲ್ಲ. ಅವನು ಹಂದಿಗೆ ಬಾಣ ಬಿಟ್ಟ ಜಾಗ ಹಂದಿಕೆರೆ, ಶಿಷ್ಟರ ಬಾಯಲ್ಲಿ ವರಾಹತೀರ್ಥ.

ಕತೆ ನಂಬುವವರು ನಂಬಲಿ, ನಂಬದವರು ಬಿಡಲಿ. ಕತೆಯೊಳಗೆ ಅಡಗಿದ ಒಂದು ಸತ್ಯವನ್ನು ಮಾತ್ರ ಈ ಜಿಲ್ಲೆಯ ಯಾವ ಕೃಷಿಕನೂ ಅಲ್ಲಗಳೆಯುವುದಿಲ್ಲ. ಬೆಟ್ಟದಲ್ಲಿ ನೀರು ಕಂಡರೆ ಅದು ದೇವರು ಕೊಟ್ಟದ್ದೇ.

ಯಾಕೆಂದು ಸ್ವಲ್ಪ ನೋಡಿ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುತ್ತದೆ. ಬಯಲುಸೀಮೆಯವರು ಕೇಳಿದರೆ ಬಾಯಿ ಬಿಡುವಷ್ಟು. ಆದರೂ ಎಪ್ರಿಲ್, ಮೇ ಬಂದರೆ ಬಾವಿಯ ತಳದಲ್ಲಿ ಕೊಡಪಾನ ಠಣ್ ಎನ್ನುತ್ತದೆ. 2016ರಲ್ಲಿ, ಮತ್ತೆ 2019ರಲ್ಲಿ ನೇತ್ರಾವತಿ ಬತ್ತಿ, ತುಂಬೆ ಅಣೆಕಟ್ಟಿನಲ್ಲಿ ನೀರಿಳಿದು, ಮಂಗಳೂರು ಪೇಟೆಗೆ ದಿನ ಬಿಟ್ಟು ದಿನ ನೀರು ಬಿಡುವ ಹಾಗೆ ಆಗಿತ್ತು. ಬೀಳುವ ನೀರು ಎಷ್ಟಾದರೇನು, ನಿಲ್ಲುವ ನೀರು ಎಷ್ಟು ಎಂಬುದೇ ಪ್ರಶ್ನೆ.

ನಮ್ಮ ಗುಡ್ಡಗಳಲ್ಲಿ ಹೆಚ್ಚಿನವು ಮುರಕಲ್ಲಿನವು. ಕೆಂಪುಕಲ್ಲು ಮಳೆನೀರನ್ನು ಕುಡಿಯುತ್ತದೆ, ಒಳಗೊಳಗೇ ಇಳಿಸುತ್ತದೆ. ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ಆ ನೀರನ್ನು ತೋಟಕ್ಕೆ ತಂದರು. ಅಡ್ಯನಡ್ಕ ಕಡೆಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಸುರಂಗಗಳಲ್ಲಿ ಮೊದಲ ಐದರಲ್ಲಿ ನೀರೇ ಸಿಗಲಿಲ್ಲ. ಬಿಡಲಿಲ್ಲ ಆ ಮನುಷ್ಯ. ಆರನೆಯದರಲ್ಲಿ ನೀರು ಬಂತು, ಬೋಳುಗುಡ್ಡ ತೋಟವಾಯಿತು, 2022ರಲ್ಲಿ ಮನೆ ಬಾಗಿಲಿಗೆ ಪದ್ಮಶ್ರೀ ಬಂತು. ಭೀಮ ಗದೆಯಲ್ಲಿ ಮಾಡಿದ್ದನ್ನು ಇವರು ಪಿಕಾಸಿನಲ್ಲಿ ಮಾಡಿದರು.

ಕಾರಿಂಜದ ಕಲ್ಲು ಕೆಂಪುಕಲ್ಲಲ್ಲ, ಗಟ್ಟಿ ಕರಿಗಲ್ಲು. ಅದು ನೀರು ಕುಡಿಯುವುದಿಲ್ಲ. ಬಿದ್ದ ಮಳೆ ಜಾರಿ ಹೋಗಬೇಕು. ಜಾರುವಾಗ ತಗ್ಗು ಕಂಡಲ್ಲಿ ನಿಲ್ಲುತ್ತದೆ, ಬಿರುಕು ಕಂಡಲ್ಲಿ ಒಳಗೆ ಹೊಗುತ್ತದೆ, ಬುಡದಲ್ಲಿ ಒಟ್ಟಾಗುತ್ತದೆ. ಬಂಡೆ ಅಲ್ಲಾಡದೆ ಇದ್ದಷ್ಟು ದಿನ ಈ ದಾರಿ ತಪ್ಪುವುದಿಲ್ಲ. ತೀರ್ಥ ಎಂದು ಹೆಸರಿಟ್ಟು, ಅದರಲ್ಲಿ ಉಗುಳಬಾರದು, ಸೋಪು ಹಾಕಬಾರದು ಎಂದು ಕಟ್ಟಳೆ ಮಾಡಿದ ಹಿರಿಯರಿಗೆ ಇಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಬುದ್ಧಿ ಇತ್ತು.

ಆಟಿಯ ಚಳಿಯಲ್ಲಿ ಮುಳುಗು

ಆಟಿ ತಿಂಗಳು ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಹಿಂದೆಲ್ಲ ಅದು ಹಸಿವಿನ ತಿಂಗಳು. ಕಣಜದ ಭತ್ತ ಮುಗಿದಿತ್ತು, ಗದ್ದೆಯಲ್ಲಿ ಪೈರು ಇನ್ನೂ ಹಸಿರು. ಹೊರಗೆ ಕಾಲಿಡಲು ಬಿಡದ ಮಳೆ. ಹೊಸ ಮದುಮಗಳು ತವರಿಗೆ ಹೋಗುವ ಕಾಲ. ಮಾರಿ ಓಡಿಸಲು ಆಟಿ ಕಳೆಂಜ ಮನೆ ಮನೆಗೆ ಬರುವ ಕಾಲ.

ಆಟಿ ಅಮಾವಾಸ್ಯೆಯ ದಿನ ನಸುಕಿಗೆ ಎದ್ದು ಪಾಲೆ ಮರದ ಕೆತ್ತೆ ತರಬೇಕು. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಆ ಕಷಾಯದ ಕಹಿ ಕುಡಿದವರಿಗೇ ಗೊತ್ತು. ಮಕ್ಕಳು ಗೋಡೆ ಹತ್ತಿ ಓಡುತ್ತವೆ, ಅಜ್ಜಿಯಂದಿರು ಹಿಡಿದು ತಂದು ಮೂಗು ಒತ್ತಿ ಕುಡಿಸುತ್ತಾರೆ. ಮೇಲಿನಿಂದ ಬಾಯಿಗೆ ತುಂಡು ಬೆಲ್ಲ, ಹೊಟ್ಟೆಗೆ ಮೆಂತೆ ಗಂಜಿ.

ಅದೇ ದಿನ ಕಾರಿಂಜದಲ್ಲಿ ತೀರ್ಥಸ್ನಾನ. ನರಹರಿ ಪರ್ವತದಲ್ಲೂ ಅದೇ ದಿನ. ಕಾರಿಂಜದ ಗದಾತೀರ್ಥದಲ್ಲಿ ಮುಳುಗಿ, ಒದ್ದೆ ಬಟ್ಟೆ ಬದಲಿಸಿ, ಹಣ್ಣುಕಾಯಿ ಹಿಡಿದು ಮೆಟ್ಟಿಲು ಹತ್ತುವ ಜನ. ಅದರಲ್ಲಿ ಹೊಸತಾಗಿ ಮದುವೆಯಾದ ಜೋಡಿಗಳೇ ಎದ್ದು ಕಾಣುತ್ತವೆ. ಹುಡುಗನ ಬೆರಳಲ್ಲಿ ಹೊಸ ಉಂಗುರ, ಹುಡುಗಿಯ ಕುತ್ತಿಗೆಯಲ್ಲಿ ಹೊಸ ಕರಿಮಣಿ. ಮಳೆ, ಚಳಿ, ಪಾಚಿಗಟ್ಟಿದ ಕಲ್ಲು. ಜಾರಬಾರದೆಂದು ಮೊದಲ ಸಲ ಎಲ್ಲರೆದುರು ಕೈ ಹಿಡಿಯುತ್ತಾರೆ. ಮದುವೆ ಮಂಟಪದಲ್ಲಿ ಪುರೋಹಿತರು ಹಿಡಿಸಿದ ಕೈ ಬೇರೆ, ಕಾರಿಂಜದ ಮೆಟ್ಟಿಲಲ್ಲಿ ತಾವೇ ಹಿಡಿದ ಕೈ ಬೇರೆ. ಹಿರಿಯರು ಇದನ್ನೆಲ್ಲ ಯೋಚಿಸಿಯೇ ಈ ದಿನ ಇಟ್ಟರೋ ಏನೋ!

ಘಟ್ಟದ ಮೇಲೆ ಈ ಅಮಾವಾಸ್ಯೆಗೆ ಭೀಮನ ಅಮಾವಾಸ್ಯೆ ಎಂದು ಹೆಸರು. ಅಲ್ಲಿ ಹೆಂಗಸರು ಗಂಡನ ಆಯುಷ್ಯಕ್ಕೆ ವ್ರತ ಹಿಡಿಯುತ್ತಾರೆ. ಘಟ್ಟದ ಕೆಳಗೆ ಜೋಡಿಗಳು ಭೀಮನ ಕೆರೆಯಲ್ಲೇ ಮುಳುಗುತ್ತವೆ. ಒಂದು ತಿಂಗಳು ಕಳೆದು ಸೋಣ ಅಮಾವಾಸ್ಯೆಗೆ ಕಾರಿಂಜದಲ್ಲಿ ಮತ್ತೊಮ್ಮೆ ತೀರ್ಥಸ್ನಾನ. ಹಸಿವಿನ ತಿಂಗಳಲ್ಲಿ ಒಂದು ಮುಳುಗು, ಹಬ್ಬದ ತಿಂಗಳಲ್ಲಿ ಇನ್ನೊಂದು.

ಪ್ರಸಾದಕ್ಕೆ ಮಂಗನೇ ಹಕ್ಕುದಾರ

ಇನ್ನು ಮಂಗಗಳ ವಿಚಾರ. ಕಾರಿಂಜಕ್ಕೆ ಹೋಗಿ ಬಂದ ಯಾರನ್ನೇ ಕೇಳಿ. ದೇವರ ಬಗ್ಗೆ ಎರಡು ಮಾತು, ಮಂಗನ ಬಗ್ಗೆ ಇಪ್ಪತ್ತು ಮಾತು ಹೇಳುತ್ತಾರೆ. ಬಾಳೆಹಣ್ಣು ಕಿತ್ತುಕೊಂಡದ್ದು, ಕನ್ನಡಕ ಹಾರಿಸಿದ್ದು, ಹೆಗಲ ಚೀಲದ ಜಿಪ್ಪು ಮನುಷ್ಯರಿಗಿಂತ ಚೆಂದ ಎಳೆದದ್ದು.

ಆದರೆ ಇಲ್ಲಿ ಮಂಗ ಕಳ್ಳನಲ್ಲ, ಪಾಲುದಾರ. ಮಧ್ಯಾಹ್ನದ ಪೂಜೆ ಮುಗಿದ ಮೇಲೆ ದೇವರಿಗಿಟ್ಟ ನೈವೇದ್ಯದ ಅನ್ನವನ್ನು ಮಂಗಗಳಿಗೆ ಹಾಕುವುದು ತಲೆತಲಾಂತರದಿಂದ ನಡೆದು ಬಂದ ಕ್ರಮ. ದೊಡ್ಡದು ಮೊದಲು, ಮರಿ ಕಟ್ಟಿಕೊಂಡ ತಾಯಂದಿರು ಆಮೇಲೆ, ಪುಂಡ ಮರಿಗಳು ಸಿಕ್ಕಿದ್ದನ್ನು ಕಚ್ಚಿಕೊಂಡು ಓಟ. ಕ್ಯೂ ಇಲ್ಲ, ಟೋಕನು ಇಲ್ಲ, ಶಿಫಾರಸು ಇಲ್ಲ.

ಪುತ್ತೂರು, ಸುಳ್ಯ, ಕಡಬದ ಕೃಷಿಕರು ಇದನ್ನು ಓದಿ ಹಲ್ಲು ಕಡಿಯಬಹುದು. ತಪ್ಪೇನೂ ಅಲ್ಲ. ಅವರ ತೋಟದಲ್ಲಿ ಎಳನೀರು ಉದುರಿಸುವುದು ಮಂಗ, ಬಾಳೆಗೊನೆ ಮುಗಿಸುವುದು ಮಂಗ. ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆರಂಭಿಸಿದ ಮೇಲೆ ಆಸೆಪಟ್ಟು ಬೆಳೆಸಿದ ಕೊಕ್ಕೋ ಕಾಯಿಗೆ ಮೊದಲ ಗಿರಾಕಿಯೂ ಮಂಗವೇ. ಬೆಡಿ ಹೊಡೆದು, ನಾಯಿ ಬಿಟ್ಟು, ಡಬ್ಬ ಬಡಿದು ಸುಸ್ತಾದವರಿಗೆ "ಮಂಗನಿಗೆ ಅನ್ನ ಹಾಕಿ" ಎಂದರೆ ಸಿಟ್ಟು ಬಾರದೆ ಇರುತ್ತದೆಯೇ? ಹಾಗಾದರೆ ಯೋಚಿಸಿ. ಮಂಗ ತೋಟಕ್ಕೆ ಯಾಕೆ ಬಂತು? ಗುಡ್ಡದಲ್ಲಿ ಹಲಸು, ಪುನರ್ಪುಳಿ, ಕಾಟುಮಾವು ಇದ್ದಾಗ ಅದಕ್ಕೆ ತೋಟದ ಹಂಗು ಅಷ್ಟು ಇರಲಿಲ್ಲ. ಗುಡ್ಡ ಬೋಳಾಯಿತು, ರಬ್ಬರು ಬಂತು. ರಬ್ಬರನ್ನು ಮಂಗ ತಿನ್ನುವುದುಂಟೇ?

2020ರ ಮಾರ್ಚಿನಲ್ಲಿ ಕೊರೊನಾ ಬಂದು ರಾಜ್ಯದ ದೇವಸ್ಥಾನಗಳಿಗೆಲ್ಲ ಭಕ್ತರು ಬರಬಾರದು ಎಂದಾಯಿತು. ಒಳಗೆ ಅರ್ಚಕರ ಪೂಜೆ ಮಾತ್ರ. ಬಸ್ಸು ನಿಂತಿತು, ಹಣ್ಣುಕಾಯಿ ಅಂಗಡಿ ಮುಚ್ಚಿತು, ಬಾಳೆಹಣ್ಣಿನ ಚೀಲ ಬರಲಿಲ್ಲ. ಆ ದಿನಗಳಲ್ಲಿ ದೇವಸ್ಥಾನದ ಸುತ್ತಲಿನ ಮೂಕಪ್ರಾಣಿಗಳ ಪಾಡು ಏನೆಂದು ಜಿಲ್ಲೆಯ ಎಲ್ಲ ಕಡೆ ಜನ ಕಂಡಿದ್ದಾರೆ. ಭಕ್ತ ಕೊಟ್ಟದ್ದು ಭಕ್ತನ ಜತೆ ನಿಲ್ಲುತ್ತದೆ. ನೈವೇದ್ಯ ಹಾಗಲ್ಲ. ಜನ ಇರಲಿ, ಇಲ್ಲದಿರಲಿ, ಪೂಜೆ ಇದ್ದಷ್ಟು ದಿನ ಅನ್ನ ಉಂಟು. ಇದೇ ಕಟ್ಟಳೆಯ ಬಲ.

ಈಗಿನ ಭಕ್ತರು ಮಂಗನಿಗೆ ಕೊಡುವುದು ಎಂತದು? ಕುರುಕುಲು ತಿಂಡಿಯ ಬಣ್ಣದ ಪ್ಯಾಕೆಟು, ಬಿಸ್ಕತ್ತು, ಸಿಹಿ ಪಾನೀಯದ ಬಾಟಲಿ. ಮಂಗ ಬಾಟಲಿ ಎತ್ತಿ ಕುಡಿಯುವ ಫೋಟೊ ತೆಗೆದು ಊರಿಗೆಲ್ಲ ಕಳಿಸಿದರೆ ಪುಣ್ಯ ಬಂತು! ಪ್ಯಾಕೆಟು ಬಂಡೆಯ ಬಿರುಕಿನಲ್ಲಿ ಸೇರುತ್ತದೆ. ಮಳೆ ಬಂದಾಗ ಅದು ಹೋಗುವುದು ಎಲ್ಲಿಗೆ? ತೀರ್ಥಕ್ಕೆ. ಮರು ಆಟಿಗೆ ನಮ್ಮದೇ ಮಕ್ಕಳು ಮುಳುಗುವುದು ಎಲ್ಲಿ? ಅದೇ ತೀರ್ಥದಲ್ಲಿ.

ಜಲ್ಲಿ ಎಲ್ಲರಿಗೂ ಬೇಕು, ಆದರೆ...

ಇಷ್ಟಾದ ಮೇಲೆ ಆ ಗಲಾಟೆಯ ವಿಷಯ.

ಕರಿಗಲ್ಲಿಗೆ ಬೆಲೆ ಉಂಟು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಸಿಡಿಸಿ, ಕ್ರಷರಿಗೆ ಹಾಕಿದರೆ ಜಲ್ಲಿ. ಜಲ್ಲಿ ಟಿಪ್ಪರಿಗೆ ಬಿದ್ದರೆ ದುಡ್ಡು. ಕಾರಿಂಜದ ಆಸುಪಾಸಿನಲ್ಲಿ ಕಲ್ಲಿನ ಕೋರೆಗಳ ಸದ್ದು ಜೋರಾದಾಗ ಭಕ್ತರಿಗೆ ದಿಗಿಲಾಯಿತು. ಇಷ್ಟು ಹತ್ತಿರ ಸಿಡಿಸಿದರೆ ಮೇಲಿನ ಗುಡಿಯ ಗತಿ ಏನು? 2021ರಲ್ಲಿ ಗಣಿಗಾರಿಕೆ ನಿಲ್ಲಿಸಿ ಎಂದು ಜನ ಬೀದಿಗಿಳಿದು ಪ್ರತಿಭಟಿಸಿದರು. ಗ್ರಾಮದ ಮಾತು ಜಿಲ್ಲೆಯ ಮಾತಾಯಿತು.

ಒಂದು ಮಾತು ನೇರವಾಗಿ ಹೇಳಬೇಕು. ಜಲ್ಲಿ ಬೇಡ ಎನ್ನುವವರು ಯಾರೂ ಇಲ್ಲ. ಮನೆಯ ತಾರಸಿಗೆ ಜಲ್ಲಿ ಬೇಕು. ಪೇಟೆಯಲ್ಲಿ ಹೊಸ ಕಾಂಪ್ಲೆಕ್ಸ್ ಕಟ್ಟುವವರಿಗೆ ಜಲ್ಲಿ ಬೇಕು. ಬಿ.ಸಿ.ರೋಡಿನಿಂದ ಅಡ್ಡಹೊಳೆ ತನಕದ ಚತುಷ್ಪಥ ರಸ್ತೆಗಾಗಿ ಕಲ್ಲಡ್ಕದಲ್ಲಿ ವರ್ಷಗಟ್ಟಲೆ ಧೂಳು ತಿಂದ ಬಸ್ ಪ್ರಯಾಣಿಕರು "ಬೇಗ ಮುಗಿಸಿ" ಎಂದು ಗೊಣಗಿದ್ದೂ ನಿಜ, ಆ ರಸ್ತೆಗೆ ಲೋಡುಗಟ್ಟಲೆ ಜಲ್ಲಿ ಬಿದ್ದದ್ದೂ ನಿಜ. ಅಷ್ಟೇಕೆ, ಬೆಟ್ಟದ ಬುಡಕ್ಕೆ ಭಕ್ತರ ಕಾರು ಹೋಗುವ ಡಾಮರು ರಸ್ತೆಯ ಅಡಿಯಲ್ಲೂ ಇರುವುದು ಜಲ್ಲಿಯೇ. ಕೋರೆಯಲ್ಲಿ ದುಡಿಯುವವನಿಗೂ ಹೊಟ್ಟೆ ಉಂಟು. ಅವನನ್ನು ಬೈದು ಪ್ರಯೋಜನವಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ. ಕಲ್ಲು ಎಲ್ಲಿಂದ ತೆಗೆಯಬಹುದು, ಎಲ್ಲಿಂದ ತೆಗೆಯಬಾರದು?

ಬಂಡೆಯಲ್ಲಿ ಮದ್ದು ಸಿಡಿದರೆ ಅದುರು ಸಿಡಿದ ಜಾಗದಲ್ಲೇ ನಿಲ್ಲುವುದಿಲ್ಲ. ಕಲ್ಲಿನೊಳಗಿಂದಲೇ ಹರಿಯುತ್ತದೆ. ಇದ್ದ ಬಿರುಕು ಅಗಲವಾಗಬಹುದು, ಇಲ್ಲದ ಕಡೆ ಹೊಸತು ಬೀಳಬಹುದು. ಗುಡಿಯ ಗೋಡೆ ಬಿರಿದರೆ ಕಣ್ಣಿಗೆ ಕಾಣುತ್ತದೆ, ಜೀರ್ಣೋದ್ಧಾರ ಸಮಿತಿ ಮಾಡಿ ರಶೀದಿ ಪುಸ್ತಕ ಹಿಡಿದು ಸರಿಮಾಡಬಹುದು. ಆದರೆ ಬಂಡೆಯೊಳಗೆ ಬಿರುಕು ಬಿಟ್ಟು, ತೀರ್ಥಕ್ಕೆ ಬರುವ ನೀರು ದಾರಿ ತಪ್ಪಿ ಎಲ್ಲೋ ಸೋರಿ ಹೋದರೆ? ಅದನ್ನು ಹಿಂದೆ ತರುವ ಮೇಸ್ತ್ರಿ ಯಾರು? ಭೀಮ ಪುನಃ ಗದೆ ಹಿಡಿದು ಬರುತ್ತಾನೆಯೇ?

ದೇವಸ್ಥಾನ ಎಂದರೆ ಗೋಪುರ, ಗರ್ಭಗುಡಿ, ಕಾಣಿಕೆ ಡಬ್ಬಿ ಎಂದು ನಾವು ಲೆಕ್ಕ ಹಾಕುತ್ತೇವೆ. ಕಾರಿಂಜದಲ್ಲಿ ಆ ಲೆಕ್ಕ ತಪ್ಪು. ಅಲ್ಲಿ ಬಂಡೆಯೇ ಪಾಣಿಪೀಠ. ತೀರ್ಥವೇ ಅಭಿಷೇಕದ ಕೊಡ. ಮಂಗವೇ ಪಂಕ್ತಿಯ ಮೊದಲ ಅತಿಥಿ. ಕಲ್ಲು, ನೀರು, ಕಾಡು, ಪ್ರಾಣಿ, ಇದರಲ್ಲಿ ಒಂದನ್ನು ತೆಗೆದರೂ ಉಳಿಯುವುದು ಬರೀ ಕಟ್ಟಡ. ಕಟ್ಟಡ ನೋಡಲು ಯಾರಾದರೂ ಏದುಸಿರು ಬಿಡುತ್ತ ಅಷ್ಟು ಮೆಟ್ಟಿಲು ಹತ್ತುತ್ತಾರೆಯೇ?

ಆನೆ ಸೋತ ಕತೆ

ಪುತ್ತೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮಹಾಲಿಂಗೇಶ್ವರನ ಕತೆ ಎಲ್ಲರಿಗೂ ಗೊತ್ತು. ನೆಲದಲ್ಲಿ ಊರಿಕೊಂಡ ಲಿಂಗವನ್ನು ಕೀಳಲು ಬಂಗರಸನ ಆನೆ ತರಿಸಿದರು. ಸರಪಳಿ ಕಟ್ಟಿ ಎಳೆಸಿದರು. ಎಳೆದಷ್ಟೂ ಲಿಂಗ ಬೆಳೆದು ಮಹಾಲಿಂಗವಾಯಿತು. ಲಿಂಗ ಕದಲಲಿಲ್ಲ, ಆನೆಯೇ ಛಿದ್ರವಾಯಿತು. ಕೊಂಬು ಬಿದ್ದದ್ದು ಕೊಂಬೆಟ್ಟು. ಹೀಗೆ ಆನೆಯ ಒಂದೊಂದು ಅಂಗ ಬಿದ್ದ ಜಾಗಕ್ಕೆ ಒಂದೊಂದು ಹೆಸರು. ಇಂದಿಗೂ ಆ ದೇವಸ್ಥಾನದ ವಠಾರಕ್ಕೆ ಆನೆ ತರುವ ಕ್ರಮವಿಲ್ಲ.

ಆ ಕತೆಯನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳುವುದು ಆನೆಗೆ ಬೇಸರವಾಗಲಿ ಎಂದಲ್ಲ. ಕೆಲವು ಕಲ್ಲುಗಳನ್ನು ಎಳೆಯಬಾರದು, ಎಳೆದರೆ ಎಳೆದವನಿಗೇ ಕೇಡು ಎಂದು ಹೇಳಲಿಕ್ಕೆ.

ಅಂದು ಆನೆಯ ಕಾಲ. ಇಂದು ಮದ್ದಿನ ಕಾಲ. ಆನೆ ಎಳೆದರೆ ಕದಲದ ಕಲ್ಲು ಮದ್ದು ಸಿಡಿದರೆ ಕದಲುತ್ತದೆ. ಲಿಂಗ ಬೆಳೆದು ತೋರಿಸುವ ಪವಾಡಕ್ಕೆ ಕಾದು ಕೂತರೆ ಅಷ್ಟರೊಳಗೆ ಗುಡ್ಡವೇ ಟಿಪ್ಪರು ಹತ್ತಿರುತ್ತದೆ. ಈ ಕಾಲದ ಪವಾಡ ಮನುಷ್ಯರೇ ಮಾಡಬೇಕು. ಪಂಚಾಯತಿಯ ಗ್ರಾಮಸಭೆಗೆ ಹೋಗಿ ಎದ್ದು ನಿಂತು ಕೇಳುವುದು ಒಂದು ಪವಾಡ. ಪರವಾನಗಿಯಲ್ಲಿ ಎಷ್ಟು ಜಾಗ, ಎಷ್ಟು ಆಳ ಎಂದು ಬರೆದದ್ದನ್ನು ಓದಿ ನೋಡುವುದು ಇನ್ನೊಂದು. ಪ್ಯಾಕೆಟನ್ನು ಬೆಟ್ಟಕ್ಕೆ ಒಯ್ಯದೆ, ಒಯ್ದರೆ ಹಿಂದೆ ತರುವುದು ಎಲ್ಲಕ್ಕಿಂತ ಸುಲಭದ್ದು. ಅದಕ್ಕೆ ಸಭೆಯೂ ಬೇಡ, ಮೆರವಣಿಗೆಯೂ ಬೇಡ.

ಬೆಟ್ಟದ ಅಂಗಡಿಯವರೂ ಇದನ್ನು ಕೇಳಿಸಿಕೊಳ್ಳಬೇಕು. ಒಂದು ಬಾಳೆಹಣ್ಣು ಮಾರಿದರೆ ಸಿಪ್ಪೆಯೂ ಮಂಗನ ಹೊಟ್ಟೆಗೆ ಹೋಗುತ್ತದೆ. ಒಂದು ಪ್ಯಾಕೆಟು ಮಾರಿದರೆ ಸಿಪ್ಪೆ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಬಿದ್ದಿರುತ್ತದೆ. ಲಾಭ ಯಾವುದರಲ್ಲಿ ಹೆಚ್ಚು ಎಂದು ವ್ಯಾಪಾರಸ್ಥರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬೆಟ್ಟ ಇದ್ದರೆ ಜಾತ್ರೆ, ಜಾತ್ರೆ ಇದ್ದರೆ ಅಂಗಡಿ.

ಅಜ್ಜಿ ಕೈ ಮುಗಿದದ್ದು

ಸಂಜೆ ಬಿ.ಸಿ.ರೋಡಿನಿಂದ ಪುತ್ತೂರಿಗೆ ಹಿಂದಿರುಗುವ ಬಸ್ಸು. ಅದೇ ನೂಕುನುಗ್ಗಲು, ಅದೇ ಬೆವರು, ಅದೇ "ಮುಂದೆ ಹೋಗಿ, ಮುಂದೆ ಹೋಗಿ" ಎಂಬ ಕಂಡಕ್ಟರ ಕೂಗು. ಮೆಲ್ಕಾರ್ ದಾಟಿದ ಮೇಲೆ ಬೆಟ್ಟ ಕಪ್ಪಾಗಿ ಕಾಣುತ್ತದೆ. ಕಿಟಕಿ ಬದಿಯಲ್ಲಿ ಒಬ್ಬರು ಅಜ್ಜಿ ಪುನಃ ಕೈ ಮುಗಿಯುತ್ತಾರೆ. ಬೆಟ್ಟ ಅಲ್ಲೇ ಉಂಟೋ ಎಂದು ದಿನಾ ನೋಡಿ ಖಾತ್ರಿ ಮಾಡಿಕೊಂಡ ಹಾಗೆ.

ನಾವು ಅದನ್ನು ಭಕ್ತಿ ಎಂದು ಸುಮ್ಮನಾಗುತ್ತೇವೆ. ಅದು ಭಕ್ತಿ ಹೌದು, ಕಾವಲೂ ಹೌದು. ದಿನಾ ನೋಡುವವರು ಇದ್ದರೆ ಬೆಟ್ಟ ಕರಗುವಾಗ ಗೊತ್ತಾಗುತ್ತದೆ. ಯಾರೂ ನೋಡದಿದ್ದರೆ, ಒಂದು ದಿನ ಬೆಳಗ್ಗೆ ತಲೆ ಎತ್ತಿದಾಗ ಅಲ್ಲಿ ಬರೀ ಆಕಾಶ ಇರುತ್ತದೆ.

ಕಾಲೇಜು ಹುಡುಗನೇ, ನಾಳೆ ಬಸ್ಸು ಕಲ್ಲಡ್ಕ ಬಿಟ್ಟಾಗ ಒಂದು ನಿಮಿಷ ಮೊಬೈಲು ಕಿಸೆಗೆ ಹಾಕು. ಕೈ ಮುಗಿಯುವುದು, ಬಿಡುವುದು ನಿನ್ನ ಇಷ್ಟ. ಕಿಟಕಿಯ ಹೊರಗೆ ನೋಡಿದರೆ ಸಾಕು.